ಮಿಫುನೆ ಇರುವಾಗ ಶಿಮುರಾ ಏಕೆ?

ಜಪಾನೀ ಸಿನಿಮಾದ ಮಾತು ಬಂದಾಗಲೆಲ್ಲ ನನ್ನ ಬಾಯಲ್ಲಿ ಮೊದಲು ಬರುವುದು ತಕಾಶಿ ಶಿಮುರಾ ಅವರ ಹೆಸರು. ಕೇಳಿದವರ ಮರುಪ್ರಶ್ನೆಯೂ ಒಂದೇ: ತೊಶಿರೊ ಮಿಫುನೆ ಅವರಂಥ ನಟ ಇರುವಾಗ ಶಿಮುರಾ ಏಕೆ?

ಮಿಫುನೆ ದೊಡ್ಡ ನಟ, ಅದರಲ್ಲಿ ಎರಡು ಮಾತಿಲ್ಲ. 1961 ಮತ್ತು 1965ರಲ್ಲಿ ವೆನಿಸ್ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ ಪಡೆದವರು. ಅವರು ಪರದೆಯ ಮೇಲಿದ್ದರೆ ಕಣ್ಣು ಬೇರೆಡೆ ಹೊರಳುವುದಿಲ್ಲ. ಆದರೆ ಎದುರಿಗಿರುವವರ ಮಾತನ್ನು ನಿಜವಾಗಿ ಕೇಳಿಸಿಕೊಳ್ಳುವ ನಟ ಶಿಮುರಾ. ಅವರು ಕೇಳಿಸಿಕೊಳ್ಳುವ ರೀತಿಯಿಂದಲೇ ಎದುರಿನ ಪಾತ್ರಕ್ಕೂ ತೂಕ ಬರುತ್ತದೆ. ಅಕಿರಾ ಕುರೊಸಾವಾ ನಿರ್ದೇಶಿಸಿದ 30 ಚಿತ್ರಗಳಲ್ಲಿ ಮಿಫುನೆ ನಟಿಸಿದ್ದು 16ರಲ್ಲಿ, ಶಿಮುರಾ 21ರಲ್ಲಿ.

ಶಿಮುರಾ ಹುಟ್ಟಿದ್ದು 1905ರಲ್ಲಿ, ಹ್ಯೋಗೊ ಪ್ರಾಂತ್ಯದ ಇಕುನೊ ಎಂಬ ಗಣಿಗಳ ಊರಿನಲ್ಲಿ. ಒಸಾಕಾ ನಗರದ ನೀರು ಸರಬರಾಜು ವಿಭಾಗದಲ್ಲಿ ನೌಕರಿ ಮಾಡುತ್ತ, ಸಂಜೆ ತರಗತಿಗಳಲ್ಲಿ ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದಾಗ ನಾಟಕದ ಹುಚ್ಚು ಹಿಡಿಯಿತು. ನೌಕರಿಯೂ ಹೋಯಿತು, ಓದೂ ನಿಂತಿತು. ಸಿನಿಮಾಕ್ಕೆ ಬಂದದ್ದು 1934ರಲ್ಲಿ.

ನಗರಾಡಳಿತದ ನೌಕರಿ ಕಳೆದುಕೊಂಡ ಅದೇ ಮನುಷ್ಯ 1952ರ 'ಇಕಿರು' ಚಿತ್ರದಲ್ಲಿ ನಗರಾಡಳಿತದ ಕಡತಗಳ ರಾಶಿಯ ನಡುವೆ ಕುಳಿತು ಮೊಹರು ಒತ್ತುತ್ತಾರೆ. ವತಾನಾಬೆ ಎಂಬ ಆ ಅಧಿಕಾರಿಗೆ ಜಠರದ ಕ್ಯಾನ್ಸರ್. ಉಳಿದ ಕೆಲವೇ ತಿಂಗಳಲ್ಲಿ ಕೊಳಚೆ ನಿಂತ ಒಂದು ಜಾಗವನ್ನು ಮಕ್ಕಳ ಉದ್ಯಾನವಾಗಿಸಲು ಆತ ಒಂದೊಂದೇ ವಿಭಾಗದ ಬಾಗಿಲು ಬಡಿಯುತ್ತಾನೆ. ಯಾರ ಮೇಲೂ ರೇಗುವುದಿಲ್ಲ. ಬೆನ್ನು ಬಾಗಿಸಿ, ಒಡೆದ ದನಿಯಲ್ಲಿ ಬೇಡುತ್ತ, ಕೆಲಸ ಆಗುವವರೆಗೆ ಅಲ್ಲಿಂದ ಕದಲುವುದಿಲ್ಲ. ಪ್ರಾಣದ ಮೇಲೆ ಆಸೆಯಿಲ್ಲವೇ ಎಂದು ರೌಡಿಗಳು ಬೆದರಿಸಿದಾಗ ಆತನ ಮುಖದಲ್ಲಿ ಮೂಡುವ ನಗುವನ್ನು ನೋಡಿ. ಸಾವನ್ನು ಆಗಲೇ ಕಂಡು ಬಂದವನಿಗೆ ಇವರು ತೋರಿಸಬಹುದಾದ ಭಯವಾದರೂ ಯಾವುದು? ಸಂಭಾಷಣೆಯ ನೆರವಿಲ್ಲದೆ ಇಷ್ಟನ್ನು ಹೇಳಬಲ್ಲ ಇನ್ನೊಬ್ಬ ನಟನನ್ನು ನಾನು ಕಂಡಿಲ್ಲ. ಆಗ ಶಿಮುರಾ ಅವರಿಗೆ 47 ವರ್ಷ ಮಾತ್ರ.

ಎರಡೇ ವರ್ಷಗಳ ನಂತರ, 'ಸೆವೆನ್ ಸಮುರಾಯ್'ನಲ್ಲಿ ಅದೇ ದೇಹ ನೆಟ್ಟಗೆ ನಿಂತಿದೆ. ಮಗುವನ್ನು ಉಳಿಸಲು ಸಮುರಾಯ್‌ನ ಹೆಮ್ಮೆಯ ಜುಟ್ಟನ್ನೇ ಬೋಳಿಸಿಕೊಂಡು ಸನ್ಯಾಸಿಯ ವೇಷ ಹಾಕುವ ಕಾಂಬೆಯ ಪಾತ್ರ ಅದು. ಯೋಚನೆಗೆ ಬಿದ್ದಾಗಲೆಲ್ಲ ಬೋಳುತಲೆ ಸವರಿಕೊಳ್ಳುವ ಆ ನಾಯಕನನ್ನು, ದರೋಡೆಕೋರರಿಂದ ಹಳ್ಳಿ ಕಾಯಲು ಸಮುರಾಯ್‌ಗಳನ್ನು ಹುಡುಕಿ ಬಂದ ರೈತರು ಏಕೆ ನಂಬಿದರು ಎಂದು ಯಾರೂ ವಿವರಿಸಬೇಕಿಲ್ಲ. ಅದೇ 1954ರಲ್ಲಿ 'ಗಾಡ್ಜಿಲ್ಲಾ' ಕೂಡ ಬಂತು. ಎಲ್ಲರೂ ಪ್ರಾಣಿಯನ್ನು ಕೊಲ್ಲಬೇಕೆನ್ನುವಾಗ ಅದನ್ನು ಅಧ್ಯಯನ ಮಾಡಬೇಕೆಂದು ಹಟ ಹಿಡಿಯುವ ಡಾಕ್ಟರ್ ಯಮಾನೆಯೂ ಶಿಮುರಾ ಅವರೇ.

ಅವರು ತೀರಿಕೊಂಡದ್ದು 1982ರಲ್ಲಿ. ಎಲ್ಲಿಂದ ನೋಡಲು ಶುರು ಮಾಡಲಿ ಎಂದು ಕೇಳುವವರಿಗೆ ನಾನು 1949ರ 'ಸ್ಟ್ರೇ ಡಾಗ್' ಎನ್ನುತ್ತೇನೆ. ಪಿಸ್ತೂಲು ಕಳೆದುಕೊಂಡು ಕುದಿಯುವ ತರುಣ ಪೊಲೀಸ್ ಮಿಫುನೆ, ಆತನ ಜೊತೆಗಿರುವ ಅನುಭವಿ ಪತ್ತೇದಾರ ಶಿಮುರಾ. ಇಬ್ಬರನ್ನೂ ಅಕ್ಕಪಕ್ಕದಲ್ಲಿ ನೋಡಿದ ಮೇಲೆ ನನ್ನ ಆಯ್ಕೆಯನ್ನು ನೀವು ಒಪ್ಪದಿದ್ದರೆ ಬಂದು ಹೇಳಿ, ಕೂತು ಮಾತಾಡೋಣ.