ಕೂಡಿಟ್ಟರೂ ಉಳಿಯಬೇಕಲ್ಲ!

ಇವತ್ತು ಸುಮ್ನೆ ನಾರ್ವೆಯ ಎಣ್ಣೆ ನಿಧಿ, ಅಂದ್ರೆ ಕಚ್ಚಾ ತೈಲದ ದುಡ್ಡನ್ನು ಅಲ್ಲಿನ ಸರ್ಕಾರ ಕೂಡಿಡುವ ಫಂಡ್ ಬಗ್ಗೆ ಓದುತ್ತಾ ಕೂತಿದ್ದೆ. 1969ರಲ್ಲಿ ಸಮುದ್ರದಡಿ ಭಾರಿ ಎಣ್ಣೆ ಸಿಕ್ಕಿತು. ನಿಧಿಗೆ ಕಾನೂನು ಬಂದದ್ದು 1990ರಲ್ಲಿ, ಮೊದಲ ದುಡ್ಡು ಬಿದ್ದದ್ದು 1996ರಲ್ಲಿ. ಹೂಡಿಕೆಯೆಲ್ಲ ಹೊರದೇಶಗಳಲ್ಲಿ. ಬಜೆಟ್ಟಿಗೆ ವರ್ಷಕ್ಕೆ ನಿಧಿಯ ಸುಮಾರು 3% ಮಾತ್ರ ತೆಗೆಯಬೇಕು ಅನ್ನೋದು ನಿಯಮ. ಅಸಲು ಮುಟ್ಟದೆ ಬಡ್ಡಿ ತಿನ್ನೋ ಲೆಕ್ಕ.

ಹಾಗಂತ ಕೂಡಿಟ್ಟವರೆಲ್ಲ ಗೆಲ್ಲೋದಿಲ್ಲ. ಪೆಸಿಫಿಕ್‌ನ ಪುಟ್ಟ ದ್ವೀಪ ನೌರು ಕೂಡ ಗೊಬ್ಬರಕ್ಕೆ ಬಳಸುವ ಫಾಸ್ಫೇಟ್ ಖನಿಜ ಮಾರಿದ ದುಡ್ಡನ್ನು ಟ್ರಸ್ಟಿನಲ್ಲಿ ಇಟ್ಟಿತ್ತು. ಮೆಲ್ಬರ್ನ್‌ನಲ್ಲಿ 52 ಮಹಡಿ ಕಟ್ಟಡವನ್ನೇ ಎಬ್ಬಿಸಿತ್ತು! ಕೊನೆಗೆ ಸಾಲ ಮೈಮೇಲೆ ಬಂದು 2004ರಲ್ಲಿ ಅದೂ ಕೈಬಿಟ್ಟಿತು. ಕಾಯುವವರು ಸರಿಯಿಲ್ಲದಿದ್ದರೆ ಉಳಿತಾಯವೂ ಖರ್ಚೇ ಅಲ್ವಾ?

ಇನ್ನೊಂದು ಮಾತು. ನಾರ್ವೆಯಲ್ಲಿ ಶಾಲೆ, ಆಸ್ಪತ್ರೆ ಮೊದಲೇ ಚೆನ್ನಾಗಿದ್ದವು. ಮಕ್ಕಳು ಸೋರುವ ಕೊಠಡಿಯಲ್ಲಿ ಕೂತಿರುವ ಕಡೆ ಸರ್ಕಾರ ದುಡ್ಡನ್ನು ಹೊರದೇಶದ ಷೇರಿಗೆ ಹಾಕಿದರೆ ನನಗಂತೂ ಒಪ್ಪಿಗೆಯಾಗೋದಿಲ್ಲ. ಮೊದಲು ಆ ಸೂರು ರಿಪೇರಿ ಆಗಲಿ. ಆದರೆ ನೆಲದಿಂದ ಒಂದೇ ಸಲ ಸಿಗುವ ದುಡ್ಡನ್ನು ಪ್ರತಿ ತಿಂಗಳ ಸಂಬಳ, ಸಬ್ಸಿಡಿಗೆ ಸುರಿಯೋದು ಬೇಡ. ಗಣಿ ಖಾಲಿಯಾದ ಮೇಲೆ ಆ ಖರ್ಚನ್ನು ನಿಲ್ಲಿಸುವ ಧೈರ್ಯ ಯಾವ ಸರ್ಕಾರಕ್ಕಿದೆ ಹೇಳಿ?