ಕಲ್ಲಿನೊಳಗಿನ ನೀರನ್ನು ಕಣ್ಣಾರೆ ಕಂಡ ದಿನ

ಕಣ್ಣಿಗೆ ಕಾಣದ ನೀರನ್ನು ಹುಡುಕುವುದೇ 31 ವರ್ಷ ನನ್ನ ಕೆಲಸವಾಗಿತ್ತು. ಅಂತರ್ಜಲ ಇಲಾಖೆಯಲ್ಲಿ ಭೂವಿಜ್ಞಾನಿಯಾಗಿ ವಿಜಯಪುರ, ಬಾಗಲಕೋಟೆ, ಕಲಬುರಗಿ ಸೀಮೆಯ ಕರಿಕಲ್ಲಿನ ನೆಲದಲ್ಲಿ ಅಲೆಯುತ್ತ, ಕೊಳವೆಬಾವಿಯನ್ನು ಎಲ್ಲಿ ಕೊರೆಯಬೇಕು, ಎಷ್ಟು ಆಳಕ್ಕೆ ಹೋದರೆ ಬಿರುಕು ಸಿಕ್ಕೀತು, ಸಿಕ್ಕ ಬಿರುಕಿನಲ್ಲಿ ನೀರು ಎಷ್ಟು ಕಾಲ ಬಾಳೀತು ಎಂದು ಹೇಳುತ್ತಿದ್ದೆ. ಆ ಬಿರುಕನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ. ರಿಗ್ಗಿನಿಂದ ಹೊರಬರುವ ಕಲ್ಲಿನ ಪುಡಿ, ನೆಲದ ವಿದ್ಯುತ್ ರೋಧವನ್ನು ಅಳೆದು ಬರೆದ ಗೆರೆಗಳು, ಪಂಪು ನಿಲ್ಲಿಸಿದ ಮೇಲೆ ನೀರು ಮೇಲೇರಲು ಹಿಡಿಯುವ ಹೊತ್ತು, ಇಷ್ಟನ್ನೇ ಆಧಾರವಾಗಿಟ್ಟುಕೊಂಡು ಅದರ ರೂಪವನ್ನು ಊಹಿಸುತ್ತಿದ್ದೆ. ನಿವೃತ್ತಿಯಾದ ಎರಡನೆಯ ವರ್ಷ, ಸೆಪ್ಟೆಂಬರ್ ಕೊನೆಯ ವಾರದಲ್ಲಿ, ಐಸ್‌ಲ್ಯಾಂಡಿನ ಸಿಲ್‌ಫ್ರಾ ಎಂಬ ಸೀಳಿನಲ್ಲಿ ಅಂಥದೊಂದು ಬಿರುಕಿನ ಒಳಗೇ ಈಜಿದೆ.

ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಕೆಲಸದಲ್ಲಿರುವ ಮಗಳು ನನ್ನನ್ನು ಕರೆಸಿಕೊಂಡಿದ್ದಳು. ಒಂದು ವಾರ ಐಸ್‌ಲ್ಯಾಂಡ್ ನೋಡೋಣವೆಂಬ ಯೋಚನೆ ಅವಳದು, ಸಿಲ್‌ಫ್ರಾದಲ್ಲಿ ಇಳಿಯಲೇಬೇಕೆಂಬ ಹಟ ನನ್ನದು. ಅರವತ್ತು ದಾಟಿದವನೆಂದು ವೈದ್ಯರ ಒಪ್ಪಿಗೆ ಪತ್ರ ಕೇಳಿದರು, ಅದನ್ನು ಊರಿನಲ್ಲೇ ಮಾಡಿಸಿಕೊಂಡು ಹೋಗಿದ್ದೆ. ಈಜು ಬರುತ್ತದೆಯೇ ಎಂಬ ಪ್ರಶ್ನೆಗೆ ಹೌದೆಂದು ಗುರುತು ಹಾಕುವಾಗ ಸಿಂದಗಿಯ ಕಡೆಯ ನಮ್ಮ ಹೊಲದ ಬಾವಿ ನೆನಪಾಯಿತು. ಕರಿಕಲ್ಲನ್ನು 40 ಅಡಿ ಕಡಿದು ತೋಡಿದ ಆ ಬಾವಿಗೆ ಅಜ್ಜ ನನ್ನ ಬೆನ್ನಿಗೆ ಬೆಂಡು ಕಟ್ಟಿ ಇಳಿಸುತ್ತಿದ್ದ. ಬಾವಿಯ ಗೋಡೆಯ ಒಂದು ಸಂದಿನಿಂದ ಕಡುಬೇಸಿಗೆಯಲ್ಲೂ ನೀರು ಜಿನುಗುತ್ತಿತ್ತು. ನಾನು ಅದರೊಳಗೆ ಬೆರಳು ತೂರಿಸಿದಾಗ ಅಜ್ಜ ಮೇಲಿನಿಂದ, "ಅದು ಸೆಲಿ, ಬಾವಿ ಕಣ್ಣದು. ಕಣ್ಣಾಗ ಕೈ ಹಾಕಬಾರದು" ಎಂದು ಗದರಿಸಿದ್ದ. ನಾನು ಕಲಿತ ಅಂತರ್ಜಲ ಶಾಸ್ತ್ರದ ಮೊದಲ ಪಾಠ ಅದು.

ಸಿಲ್‌ಫ್ರಾ ಇರುವುದು ರೇಕ್ಯಾವಿಕ್‌ನಿಂದ ಮುಕ್ಕಾಲು ಗಂಟೆಯ ದಾರಿಯಲ್ಲಿರುವ ಥಿಂಗ್‌ವೆಲ್ಲಿರ್ ರಾಷ್ಟ್ರೀಯ ಉದ್ಯಾನದಲ್ಲಿ. ಕ್ರಿ.ಶ. 930ರಿಂದ ಐಸ್‌ಲ್ಯಾಂಡಿನ ಜನ ತಮ್ಮ ಮಹಾಸಭೆ ಆಲ್ಥಿಂಗ್ ಸೇರಿಸಿದ್ದು ಇಲ್ಲಿಯೇ, 1944ರ ಜೂನ್ 17ರಂದು ಗಣರಾಜ್ಯವನ್ನು ಘೋಷಿಸಿದ್ದೂ ಇಲ್ಲಿಯೇ. 2004ರಲ್ಲಿ ಇದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬೆಳಿಗ್ಗೆ ನಾವು ಅಲ್ಮನ್ನಾಗ್ಯಾ ಎಂಬ ಕಲ್ಲಿನ ಓಣಿಯಲ್ಲಿ ನಡೆದೆವು. ಒಂದು ಬದಿಯಲ್ಲಿ ನೇರವಾಗಿ ಎದ್ದ ಲಾವಾದ ಗೋಡೆ, ಇನ್ನೊಂದು ಬದಿಯಲ್ಲಿ ಕುಸಿದು ವಾಲಿದ ನೆಲ, ಅದರಾಚೆ ಹಾವಸೆ ಹೊದ್ದ ಬಯಲು, ಕೆಂಪಾಗತೊಡಗಿದ ಕುಳ್ಳ ಬರ್ಚ್ ಪೊದೆಗಳು ಕಾಣುತ್ತಿದ್ದವು.

ಒಂದು ಕೈ ಅಮೆರಿಕಕ್ಕೆ, ಇನ್ನೊಂದು ಕೈ ಯುರೋಪಿಗೆ ತಾಗುವಂತೆ ಈಜಬಹುದೆಂದು ಸಿಲ್‌ಫ್ರಾದ ಬಗ್ಗೆ ಎಲ್ಲರೂ ಹೇಳುತ್ತಾರೆ. ಕೇಳಲು ಸೊಗಸಾಗಿದ್ದರೂ ಅದು ಪೂರ್ತಿ ಸರಿಯಲ್ಲ. ಖಂಡಗಳನ್ನು ಹೊತ್ತ ಉತ್ತರ ಅಮೆರಿಕ ಮತ್ತು ಯುರೇಷಿಯದ ಭೂಫಲಕಗಳು ಐಸ್‌ಲ್ಯಾಂಡಿನಲ್ಲಿ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಷ್ಟು ದೂರ ಸರಿಯುತ್ತಿರುವುದು ನಿಜ, ಆದರೆ ಅವುಗಳ ನಡುವೆ ಒಂದೇ ಒಂದು ಗೆರೆ ಎಲ್ಲಿಯೂ ಇಲ್ಲ. ಹಲವು ಕಿಲೋಮೀಟರ್ ಅಗಲದ ಕಣಿವೆಯೇ ಅಲ್ಲಿನ ಗಡಿ, ಆ ಕಣಿವೆಯ ತುಂಬ ಸೀಳುಗಳು, ಸಿಲ್‌ಫ್ರಾ ಅವುಗಳಲ್ಲೊಂದು. ನೆಲ ಪ್ರತಿದಿನ ಸ್ವಲ್ಪ ಸ್ವಲ್ಪವೇ ಬಿರಿಯುವುದೂ ಇಲ್ಲ. ಎಳೆತ ವರ್ಷಗಟ್ಟಲೆ ಕಲ್ಲಿನಲ್ಲಿ ಕೂಡುತ್ತ ಹೋಗಿ ಒಂದು ದಿನ ಕಂಪನಗಳಾಗಿ ಬಿಡುಗಡೆಯಾಗುತ್ತದೆ. 1789ರಲ್ಲಿ ಹಾಗಾದಾಗ ಕಣಿವೆಯ ನೆಲ ಕುಸಿಯಿತು, ಸಿಲ್‌ಫ್ರಾ ಬಾಯಿ ತೆರೆದದ್ದೂ ಆಗಲೇ ಎನ್ನುತ್ತಾರೆ. ನನಗೆ ಖಂಡಗಳ ಮಾತಿಗಿಂತ ಮುಖ್ಯವಾಗಿದ್ದದ್ದು ಬೇರೆ. ಆ ಸೀಳು ನೀರಿನ ಮಟ್ಟಕ್ಕಿಂತ ಕೆಳಗೆ ಬಿರಿದಿತ್ತು, ಹಾಗಾಗಿ ನೆಲದಡಿಯಲ್ಲಿ ಹರಿಯುತ್ತಿದ್ದ ನೀರು ಅಲ್ಲಿ ಬಯಲಿಗೆ ಕಾಣುತ್ತಿತ್ತು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಅದು ಯಾರೂ ತೋಡದ ಬಾವಿ.

ನಮ್ಮ ಗುಂಪಿನಲ್ಲಿ ಆರು ಜನರಿದ್ದೆವು. ದಪ್ಪ ಒಳಉಡುಪಿನ ಮೇಲೆ ನೀರನ್ನು ಒಳಬಿಡದ ಡ್ರೈಸೂಟ್ ತೊಡಿಸಿ, ಕುತ್ತಿಗೆಯ ರಬ್ಬರ್ ಪಟ್ಟಿಯ ಮೂಲಕ ತಲೆ ತೂರಿಸಿ, ನೀರು ನುಗ್ಗದಂತೆ ಮೇಲಿನಿಂದ ಇನ್ನೊಂದು ಪಟ್ಟಿ ಬಿಗಿದಾಗ ನನಗೆ ಕೆಲವು ಕ್ಷಣ ಗಾಬರಿಯಾಯಿತು. ಗಂಟಲನ್ನು ಯಾರೋ ಒತ್ತಿ ಹಿಡಿದಂತಿತ್ತು, ಉಸಿರು ಮೇಲುಮೇಲಕ್ಕೇ ನಿಲ್ಲುತ್ತಿತ್ತು. ಮಗಳು ನನ್ನ ಮುಖ ನೋಡಿ ಹತ್ತಿರ ಬಂದು, "ಅಪ್ಪಾ, ದಮ್ಮು ಹಿಡದಂಗ ಆಗಲಿಕತ್ತೇನು? ಬ್ಯಾಡಂದ್ರ ಇಲ್ಲೇ ಬಿಡೋಣು" ಎಂದಳು. "ತಡಿ, ಹೊಂದಿಕೋತೀನಿ" ಎಂದೆ. ಸಾವಕಾಶವಾಗಿ ಹತ್ತಿಪ್ಪತ್ತು ಉಸಿರು ಎಳೆದುಕೊಂಡ ಮೇಲೆ ಕುತ್ತಿಗೆ ಆ ಬಿಗಿತಕ್ಕೆ ಒಗ್ಗಿತು. ಫಿನ್‌ಗಳನ್ನು ಕೈಯಲ್ಲಿ ಹಿಡಿದು, ಲಾವಾ ಬಯಲಿನ ನಡುವಿನ ದಾರಿಯಲ್ಲಿ ನಡೆದು, ನೀರಿಗಿಳಿಯುವ ಕಬ್ಬಿಣದ ಮೆಟ್ಟಿಲುಗಳ ಬಳಿ ಸಾಲಾಗಿ ನಿಂತೆವು.

ಇಲ್ಲಿನ ನೀರು ವರ್ಷವಿಡೀ 2ರಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಇರುತ್ತದೆ. ಸೂಟು ಮೈಯನ್ನು ಒಣಗಿಸಿಯೇ ಇಟ್ಟಿತು, ಆದರೆ ಕೈಗವಸು ಮತ್ತು ತಲೆಯ ಟೋಪಿ ನೀರನ್ನು ಒಳಗೆ ಬಿಟ್ಟುಕೊಳ್ಳುವಂಥವು. ಮುಖವನ್ನು ನೀರಿನಲ್ಲಿ ಇಟ್ಟ ಕೂಡಲೇ ತುಟಿಗಳಲ್ಲಿ ಸೂಜಿ ಚುಚ್ಚಿದಂತಾಗಿ, ಎರಡು ಮೂರು ನಿಮಿಷಗಳಲ್ಲಿ ಅವು ಜಡವಾದವು. ಆಮೇಲೆ ನನಗೆ ಚಳಿಯ ನೆನಪೇ ಉಳಿಯಲಿಲ್ಲ, ಏಕೆಂದರೆ ಕಣ್ಣು ಕೆಳಗೆ ಹೋಗಿತ್ತು.

ಮೊದಲ ಕ್ಷಣದಲ್ಲಿ ನೀರೇ ಕಾಣಲಿಲ್ಲ. ಎರಡು ಕಪ್ಪು ಗೋಡೆಗಳ ನಡುವೆ ಎತ್ತರದಲ್ಲಿ ತೂಗುಬಿದ್ದಂತೆ ಅನಿಸಿ ಮೈ ಜುಮ್ಮೆಂದಿತು, ಕೆಳಗೆ ಬೀಳುತ್ತೇನೆಂದು ಕಾಲು ತಾನಾಗಿ ಮಡಚಿಕೊಂಡಿತು. ಗಾಳಿ ತುಂಬಿದ ಸೂಟು ನನ್ನನ್ನು ಮೇಲೆಯೇ ಹಿಡಿದಿದೆಯೆಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಇಲ್ಲಿ ನೀರಿನೊಳಗೆ ಅಡ್ಡಕ್ಕೆ 100 ಮೀಟರಿಗೂ ಹೆಚ್ಚು ದೂರ ಕಾಣುತ್ತದೆಂದು ಓದಿದ್ದೆ, ಆದರೆ ಓದಿದ ಅಂಕಿ ಕಣ್ಣಿಗೆ ಏನು ಮಾಡುತ್ತದೆಂಬುದು ತಿಳಿದಿರಲಿಲ್ಲ. ಹತ್ತಿರದ ಕಲ್ಲುಗಳು ಕಲ್ಲಿನ ಬಣ್ಣದಲ್ಲೇ ಇದ್ದವು. ಆಳಕ್ಕೆ ಹೋದಂತೆ ನೀರು ಬೆಳಕಿನ ಕೆಂಪನ್ನು ಮೊದಲು ನುಂಗಿ, ಹಳದಿಯನ್ನು ನಂತರ ನುಂಗಿ, ಕೊನೆಗೆ ನೀಲಿಯೊಂದನ್ನೇ ಉಳಿಸುತ್ತದಾದ್ದರಿಂದ ಕೆಳಗಿನ ಬಂಡೆಗಳು ತಿಳಿನೀಲಿಯಿಂದ ಕಡುನೀಲಿಗೆ ಇಳಿಯುತ್ತ ಹೋಗಿ, ಕಣ್ಣಿಗೆ ಸಿಗುವ ಕೊನೆಯಲ್ಲಿ ಕತ್ತಲೆಯಾಗಿದ್ದವು. ಮೋಡ ಸರಿದು ಬಿಸಿಲು ಬಿದ್ದಾಗ ಆಳವಿಲ್ಲದ ಕಲ್ಲುಗಳ ಮೇಲೆ ಬೆಳಕಿನ ಬಲೆ ಓಡಾಡಿತು.

ಕೆಲಸದ ಕಣ್ಣು ಮಾತ್ರ ಗೋಡೆಗಳನ್ನು ಓದತೊಡಗಿತು. ನಮ್ಮ ಉತ್ತರ ಕರ್ನಾಟಕದ ಕರಿಕಲ್ಲೂ ಲಾವಾ ಹರಿದು ಆರಿ ಆದದ್ದೇ, ಹೆಸರು ಬಸಾಲ್ಟ್. ಸಿಲ್‌ಫ್ರಾದ ಗೋಡೆಯೂ ಬಸಾಲ್ಟೇ. ಆದರೆ ನಮ್ಮದು ಸುಮಾರು 6.6 ಕೋಟಿ ವರ್ಷ ಹಳೆಯದು, ಇಲ್ಲಿನದು ಹಿಮಯುಗ ಮುಗಿದ ಮೇಲೆ ಹರಿದದ್ದು, ಅಂದರೆ ಹತ್ತು ಸಾವಿರ ವರ್ಷದ ಆಚೀಚಿನದು. ನಮ್ಮ ಕಲ್ಲಿನಲ್ಲಿ ಅನಿಲದ ಗುಳ್ಳೆಗಳು ಬಿಟ್ಟುಹೋದ ತೂತುಗಳನ್ನು ಕಾಲ ಬಿಳಿಯ ಖನಿಜಗಳಿಂದ ತುಂಬಿಬಿಟ್ಟಿದೆ, ಬಿರುಕುಗಳನ್ನು ಜೇಡಿಮಣ್ಣು ಮುಚ್ಚಿದೆ. ಗರಸಿನ ಪದರವೋ ಬಿರುಕಿನ ಪದರವೋ ಸಿಕ್ಕರೆ ನೀರು, ಇಲ್ಲವಾದರೆ 600 ಅಡಿ ಕೊರೆದರೂ ದೂಳು. ಸಿಲ್‌ಫ್ರಾದ ಗೋಡೆಯಲ್ಲಿ ಆ ತೂತುಗಳೆಲ್ಲ ತೆರೆದೇ ಇದ್ದವು. ಒಂದು ಲಾವಾ ಹರಿವಿನ ಮೇಲೆ ಮತ್ತೊಂದು ಹರಿವು ಕುಳಿತ ಜಾಗ, ಆರುವಾಗ ಕುಗ್ಗಿ ಬಿರಿದ ನಿಲುವಿನ ಸೀಳುಗಳು, ಕಂಪನಕ್ಕೆ ಕಳಚಿ ನಡುವೆ ಸಿಕ್ಕಿಕೊಂಡ ಬಂಡೆಗಳು ಎಲ್ಲವೂ ಬಿಡಿಬಿಡಿಯಾಗಿ ಕಂಡವು. ನಾನು ಸಾವಿರಾರು ವರದಿಗಳಲ್ಲಿ ಅಡ್ಡಗೆರೆ ಎಳೆದು 'ನೀರು ಸಿಗುವ ಪದರ' ಎಂದು ಬರೆದದ್ದರ ನಿಜರೂಪ ಅದು. ಹಾಗೆ ಬರೆದು ನಾಲ್ಕು ಕಡೆ ಕೊರೆಸಿ ನೀರು ಬಾರದೆ ಹೋದ ಒಂದು ಹೊಲ, ಅದರ ಬದುವಿನ ಮೇಲೆ ಮಾತಿಲ್ಲದೆ ಕುಳಿತಿದ್ದ ರೈತ ಆ ಚಳಿನೀರಿನಲ್ಲಿ ನೆನಪಾದರು.

ಮುಂದೆ ಸೀಳು ಕಿರಿದಾಗಿ, ಹೊಟ್ಟೆಯ ಕೆಳಗೆ ಒಂದೆರಡು ಅಡಿಯಲ್ಲೇ ಕಲ್ಲು ಬಂದಿತು. ಅಲ್ಲಿ ಕಾಲು ಬಡಿಯಬಾರದು, ನಿಲ್ಲಬಾರದು, ಗೋಡೆಯ ಪಾಚಿಯನ್ನು ಮುಟ್ಟಬಾರದು ಎಂದು ಗೈಡ್ ಮೊದಲೇ ಹೇಳಿದ್ದಳು. ತಳದ ಮಣ್ಣು ಕದಡಿದರೆ ಹಿಂದೆ ಬರುವವರಿಗೆ ಏನೂ ಕಾಣದು, ಕಿತ್ತ ಪಾಚಿ ಬೇಗ ಮರಳದು. ನಾನು ಕೈಗಳನ್ನು ಎದೆಗೆ ಒತ್ತಿ ಹಿಡಿದು, ನೀರಿನ ಮೆಲ್ಲನೆಯ ಎಳೆತಕ್ಕೆ ಮೈಯನ್ನು ಬಿಟ್ಟುಕೊಟ್ಟು ದಾಟಿದೆ. ಹೌದು, ಆ ನೀರು ಹರಿಯುತ್ತಿತ್ತು. ಉತ್ತರಕ್ಕಿರುವ ಲಾಂಗ್‌ಯೋಕುಲ್ ಹಿಮರಾಶಿಯಿಂದ ಕರಗಿ ಲಾವಾದೊಳಗೆ ಇಂಗಿದ ನೀರು ಸುಮಾರು 50 ಕಿಲೋಮೀಟರ್ ನೆಲದಡಿಯಲ್ಲೇ ಸೋಸಿಕೊಂಡು ಇಲ್ಲಿಗೆ ಬರಲು 30ರಿಂದ 100 ವರ್ಷ ಹಿಡಿಯುತ್ತದೆ. ಮೇಲೆ ಹರಿಯುವ ಹಿಮನದಿಗಳ ನೀರು ಕಲ್ಲುಹಿಟ್ಟು ಕಲಸಿ ಹಾಲಿನಂತಿರುತ್ತದೆ. ಇಲ್ಲಿನ ತಿಳಿಗೆ ಕಾರಣ ಹಿಮವಲ್ಲ, ಕಲ್ಲು.

ಕ್ಯಾಥೆಡ್ರಲ್ ಎಂದು ಕರೆಯುವ ಭಾಗ ಬಂದಾಗ ಗೋಡೆಗಳು ಎರಡೂ ಕಡೆ ಸರಿದು, ಸುಮಾರು 100 ಮೀಟರ್ ಉದ್ದಕ್ಕೆ ಒಂದು ತುದಿಯಿಂದ ಇನ್ನೊಂದು ತುದಿ ಕಾಣುವಂತೆ ತೆರೆದುಕೊಂಡಿತು. ನಾನು ಕಾಲಾಡಿಸುವುದನ್ನು ನಿಲ್ಲಿಸಿ ತೇಲಿದೆ. ಈ ನೀರು ನೆಲಕ್ಕೆ ಇಂಗಿದಾಗ ನಾನು ಬಾವಿಯಲ್ಲಿ ಬೆಂಡು ಕಟ್ಟಿಕೊಂಡು ಕೈಕಾಲು ಬಡಿಯುತ್ತಿದ್ದೆನೇನೋ, ಇಲ್ಲವೆ ಹುಟ್ಟಿಯೇ ಇರಲಿಲ್ಲವೇನೋ. ಲಾಂಗ್‌ಯೋಕುಲ್‌ನ ನೆರೆಯ ಓಕ್ ಎಂಬ ಹಿಮನದಿ ತೆಳುವಾಗಿ ಚಲಿಸಲಾರದಷ್ಟಾದದ್ದರಿಂದ 2014ರಲ್ಲಿ ಅದನ್ನು ಹಿಮನದಿಗಳ ಲೆಕ್ಕದಿಂದ ತೆಗೆದರು, 2019ರಲ್ಲಿ ಅದರ ನೆನಪಿಗೆ ಒಂದು ಫಲಕವನ್ನೂ ನೆಟ್ಟರು. ಈ ಬೇಸಿಗೆಯಲ್ಲಿ ಮೇಲೆ ಕರಗಿದ ನೀರು ಇಲ್ಲಿಗೆ ಬರುವ ಹೊತ್ತಿಗೆ ಮಗಳು ನನ್ನ ವಯಸ್ಸಿನವಳಾಗಿರುತ್ತಾಳೆ. ಅವಳು ನನ್ನ ಮುಂದೆ ಹತ್ತು ಮಾರು ದೂರದಲ್ಲಿ, ಅಷ್ಟೇ ಅಲುಗಾಡದೆ ತೇಲುತ್ತಿದ್ದಳು.

ಕೊನೆಗೆ ಬರುವುದು ಮರಳಿನ ತಳದ ಲಗೂನು. ಅಲ್ಲಿ ಎಡಕ್ಕೆ ಹೊರಳದಿದ್ದರೆ ಥಿಂಗ್‌ವಟ್ಲವಟ್ನ್ ಎಂಬ 84 ಚದರ ಕಿಲೋಮೀಟರಿನ ಸರೋವರದ ಕಡೆಗೆ ಸಾಗಿಬಿಡುತ್ತೇವೆ. ಆ ಸರೋವರಕ್ಕೆ ಬರುವ ನೀರಿನಲ್ಲಿ ಬಹುಪಾಲು ಬರುವುದು ನದಿಯಿಂದಲ್ಲ, ಇಂಥ ನೆಲದಡಿಯ ಸೆಲೆಗಳಿಂದ. ಕಲ್ಲುಗಳಿಗೆ ಉದ್ದನೆಯ ಎಳೆಗಳಾಗಿ ಅಂಟಿ ತೂಗುವ ಕಡುಹಸಿರು ಪಾಚಿಯನ್ನು ಅಲ್ಲಿನವರು ಟ್ರೋಲ್ ಎಂಬ ಜಾನಪದ ದೈತ್ಯನ ಕೂದಲೆನ್ನುತ್ತಾರೆ. ಮೀನು ಒಂದೂ ಕಾಣಲಿಲ್ಲ. ನನ್ನ ಮನಸ್ಸು ಕಾಣದ ಇನ್ನೊಂದು ಜೀವಿಯ ಮೇಲಿತ್ತು. ಈ ಸರೋವರಕ್ಕೆ ಸೇರುವ ಸೆಲೆಗಳಲ್ಲಿ ಸಿಕ್ಕ, 2004ರಲ್ಲಿ ವಿಜ್ಞಾನಿಗಳು ಹೊಸ ಪ್ರಭೇದವೆಂದು ಬಣ್ಣಿಸಿದ, ಸಿಗಡಿಯ ದೂರದ ನೆಂಟನಂಥ ಕಣ್ಣಿಲ್ಲದ ಬಿಳಿಚು ಹುಳು ಅದು. ಇಡೀ ನಾಡು ಹಿಮದಡಿಯಲ್ಲಿದ್ದ ಕಾಲದಲ್ಲಿ ಅಂಥ ಜೀವಿಗಳು ಲಾವಾದೊಳಗಿನ ಈ ನೀರಿನಲ್ಲೇ ಬದುಕಿ ಉಳಿದಿರಬೇಕೆಂದು ವಿಜ್ಞಾನಿಗಳು ಎಣಿಸುತ್ತಾರೆ. ನಾನು ಬಿರುಕುಗಳನ್ನು ನೀರು ಹರಿಯುವ ಕೊಳವೆಗಳೆಂದಷ್ಟೇ ಲೆಕ್ಕ ಹಾಕುತ್ತ ಬಂದವನು. ಅವು ಯಾರದೋ ಮನೆಯೂ ಆಗಿರಬಹುದೆಂದು ವೃತ್ತಿಯಲ್ಲಿದ್ದಾಗ ಒಂದು ದಿನವೂ ಹೊಳೆದಿರಲಿಲ್ಲ.

ಮೆಟ್ಟಿಲು ಹತ್ತುವ ಮೊದಲು ಉಸಿರಾಟದ ಕೊಳವೆಯನ್ನು ಬಾಯಿಂದ ತೆಗೆದು ಒಂದು ಬೊಗಸೆ ಕುಡಿದೆ. ಕುಡಿಯಬಹುದೆಂದು ಗೈಡ್ ಹೇಳಿದ್ದಳು. ಹಳ್ಳಿಹಳ್ಳಿಯ ಕೊಳವೆಬಾವಿಯ ನೀರನ್ನು ನಾಲಿಗೆಗೆ ಹಚ್ಚಿ ಸವಳೋ ಗಡಸೋ ಎಂದು ಅಂದಾಜು ಮಾಡುವ ರೂಢಿ ನನಗೆ ಇಂದಿಗೂ ಇದೆ. ಇದರಲ್ಲಿ ಉಪ್ಪಿಲ್ಲ, ಒಗರಿಲ್ಲ, ಲೋಹದ ವಾಸನೆಯಿಲ್ಲ. ಹಲ್ಲಿನ ಬುಡದಲ್ಲಿ ಕೊರೆಯುವ ತಂಪಿನ ಹೊರತು ಏನೂ ಸಿಗಲಿಲ್ಲ.

ಹೊರಬಂದಾಗ ನೀರಿನಲ್ಲಿ ಸುಮಾರು ಅರ್ಧ ಗಂಟೆ ಕಳೆದಿತ್ತು. ಬೆರಳುಗಳು ಮಡಚುತ್ತಿರಲಿಲ್ಲ, ಬಿಸಿ ಚಾಕೊಲೇಟಿನ ಲೋಟವನ್ನು ಮಗಳೇ ನನ್ನ ತುಟಿಗೆ ಹಿಡಿದಳು. ಎರಡು ಗುಟುಕು ಕುಡಿದು ಅವಳ ಚೀಲದಿಂದ ನನ್ನ ಟಿಪ್ಪಣಿ ಪುಸ್ತಕ ಕೇಳಿದೆ. "ಈಗ್ಯಾಕಪ್ಪಾ, ಮೊದಲ ಕೈ ಕಾಸಿಕೋ" ಎಂದಳು. ಮರೆಯುವ ಮೊದಲೇ ಬರೆಯಬೇಕಿತ್ತು. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ಎಡಗೋಡೆ, ಬಲಗೋಡೆ, ಹರಿವು ಹರಿವಿನ ನಡುವಿನ ಸಂದು, ಸಿಕ್ಕಿಕೊಂಡ ಬಂಡೆ, ನೀರು ಸಾಗುವ ದಿಕ್ಕಿಗೆ ಒಂದು ಬಾಣ, ಇಷ್ಟನ್ನು ನಡುಗುವ ಗೆರೆಗಳಲ್ಲಿ ಬರೆದುಕೊಂಡೆ. ನಾನು ಬರೆದ ಅಡ್ಡಸೀಳಿಕೆಯ ಚಿತ್ರಗಳಲ್ಲಿ ಊಹೆಯ ಚುಕ್ಕೆಗೆರೆಯಿಲ್ಲದ್ದು ಅದೊಂದೇ.