ಎಡಗಿವಿ ಅಮ್ಮನಿಗೆ, ಬಲಗಿವಿ ನನಗೆ

ಅಮ್ಮ ಮ್ಯೂನಿಕ್‌ಗೆ ಬಂದು ಮೂರು ವಾರವಾಗಿತ್ತು. ಅರಮನೆ, ಚರ್ಚು, ಗಡಿಯಾರದ ಗೋಪುರದಲ್ಲಿ ಕುಣಿಯುವ ಗೊಂಬೆಗಳು ಎಲ್ಲವೂ ಮುಗಿದಿದ್ದವು. ನವೆಂಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ, "ಊರಿನವರೆಲ್ಲ ನೋಡುವುದನ್ನು ನೋಡಿದ್ದಾಯಿತು. ನೀನು ಒಬ್ಬಳೇ ಇದ್ದಾಗ ಎಲ್ಲಿಗೆ ಹೋಗುತ್ತೀಯೋ ಅಲ್ಲಿಗೆ ಕರೆದುಕೊಂಡು ಹೋಗು" ಎಂದಳು. ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು ಯು4 ಮೆಟ್ರೋ ಹತ್ತಿದೆವು. ಕೊನೆಯ ನಿಲ್ದಾಣ ಅರಬೆಲ್ಲಾಪಾರ್ಕ್.

ಅಲ್ಲಿರುವುದು ಅರಬೆಲ್ಲಾ ಹೌಸ್ ಎಂಬ 23 ಮಹಡಿಗಳ ಕಟ್ಟಡ. 1960ರ ದಶಕದ ಕೊನೆಯಲ್ಲಿ ಕಟ್ಟಿದ್ದು. ಸಾಲು ಸಾಲು ಬಾಲ್ಕನಿ, ಹೋಟೆಲು, ಬಾಡಿಗೆ ಮನೆಗಳು, ವೈದ್ಯರ ಚಿಕಿತ್ಸಾಲಯಗಳು. ಕೆಡವುವ ಮಾತು ಬಹಳ ಕಾಲದಿಂದ ನಡೆದಿದೆ. ಅಮ್ಮ ತಲೆಯೆತ್ತಿ ನೋಡಿ, ಶಾಲು ಸರಿ ಮಾಡಿಕೊಂಡು, "ಇದರಲ್ಲಿ ಏನಿದೆ?" ಎಂದು ಕೇಳಿದಳು.

"ಮೇಲೆ ಏನೂ ಇಲ್ಲಮ್ಮ. ಇದರ ನೆಲಮಾಳಿಗೆಯಲ್ಲಿ ಒಂದು ಸ್ಟುಡಿಯೋ ಇತ್ತು."

ಜಾರ್ಜೋ ಮೊರೊಡರ್ ಎಂಬ ಸಂಗೀತಗಾರ ಕಟ್ಟಿದ ಮ್ಯೂಸಿಕ್‌ಲ್ಯಾಂಡ್ ಸ್ಟುಡಿಯೋ ಅದು. ರೋಲಿಂಗ್ ಸ್ಟೋನ್ಸ್, ಲೆಡ್ ಜೆಪ್ಲಿನ್, ಕ್ವೀನ್ ತಂಡದವರು ಬಂದು ಧ್ವನಿಮುದ್ರಣ ಮಾಡಿಕೊಂಡು ಹೋದ ಜಾಗ. ನಾನು ಅಲ್ಲಿಗೆ ಹೋಗುವುದು ಅವರಿಗಾಗಿ ಅಲ್ಲ, ಡಿಸ್ಕೋ ಗಾಯಕಿ ಡೋನಾ ಸಮ್ಮರ್‌ಗಾಗಿ. ಈ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ, ನಾಲ್ಕು ಗಂಟೆಗೇ ಕತ್ತಲಾಗುವ ದಿನಗಳಲ್ಲಿ, ಪಕ್ಕದ ಮನೆಯ ವೃದ್ಧೆಯೊಬ್ಬರು ತಮ್ಮ ಹಳೆಯ ರೆಕಾರ್ಡು ಹಾಕಿ ಕೇಳಿಸಿದ್ದರು. "ಇವಳು ನಮ್ಮೂರಿನಲ್ಲೇ ಹಾಡುಗಾರ್ತಿಯಾದದ್ದು" ಎಂದು ಅವರು ಹೇಳಿದಾಗ ಅವರ ಮುಖದಲ್ಲಿದ್ದ ಹೆಮ್ಮೆ ನನಗೆ ಇಂದಿಗೂ ನೆನಪಿದೆ.

ಕಟ್ಟಡದ ಎದುರಿನ ಬೆಂಚಿನ ಮೇಲೆ ಕುಳಿತೆವು. ಯಾವ ಗಾಯಕಿಯ ವಿಷಯ ಎತ್ತಿದರೂ ಅಮ್ಮನಿಗೆ ಮೊದಲು ಗೊತ್ತಾಗಬೇಕಾದದ್ದು ಯಾರ ಮನೆಯವಳು, ಯಾರ ಹತ್ತಿರ ಪಾಠವಾಯಿತು ಎಂಬುದು. ಹಾಗೆಯೇ ಹೇಳಿದೆ. 1948ರ ಡಿಸೆಂಬರ್ 31ರಂದು ಅಮೆರಿಕದ ಬಾಸ್ಟನ್‌ನಲ್ಲಿ ಹುಟ್ಟಿದವಳು, ಹುಟ್ಟುಹೆಸರು ಲಾಡೋನಾ ಗೇನ್ಸ್. ಏಳು ಮಕ್ಕಳ ಕಪ್ಪು ಜನರ ಕುಟುಂಬ, ತಾಯಿ ಶಾಲಾ ಶಿಕ್ಷಕಿ. ಗುರು ಎಂದರೆ ಚರ್ಚು. ಮಹಾಲಿಯಾ ಜಾಕ್ಸನ್ ಹಾಡಿದ ಭಕ್ತಿಗೀತೆಗಳನ್ನು ಕೇಳಿ ಕೇಳಿ ಕಲಿತ ಕಂಠ. ಹತ್ತನೆಯ ವಯಸ್ಸಿನಲ್ಲಿ, ಹಾಡಬೇಕಾಗಿದ್ದವರು ಬಾರದ ಒಂದು ದಿನ, ಬದಲಿಯಾಗಿ ನಿಂತು ಚರ್ಚಿನಲ್ಲಿ ಹಾಡಿದಳು.

"ಕಚೇರಿಗೆ ವಿದ್ವಾಂಸರು ಬಾರದೆ ಶಿಷ್ಯೆಯನ್ನು ಕೂರಿಸಿದ ಹಾಗೆ" ಎಂದಳು ಅಮ್ಮ. ಕರ್ನಾಟಕ ಸಂಗೀತ ಹಾಡುವ, ಮಕ್ಕಳಿಗೆ ಕಲಿಸುವ ಅಮ್ಮನ ಮೊದಲ ಕಚೇರಿ ಆದದ್ದೂ ಹಾಗೆಯೇ.

1968ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲು, ಡೋನಾ ಒಂದು ಸಂಗೀತ ನಾಟಕದಲ್ಲಿ ಪಾತ್ರ ಮಾಡಲು ಮ್ಯೂನಿಕ್‌ಗೆ ಬಂದಳು. ಜರ್ಮನ್ ಕಲಿತು, ಜರ್ಮನ್‌ನಲ್ಲೇ ಹಾಡಿದಳು. ಆಸ್ಟ್ರಿಯಾದ ನಟ ಹೆಲ್ಮುಟ್ ಸೊಮ್ಮರ್ ಜೊತೆ ಮದುವೆಯಾಯಿತು, ಮಗಳು ಹುಟ್ಟಿದಳು, ಮದುವೆ ಮುರಿಯಿತು. ಗಂಡನ ಮನೆಯ ಸೊಮ್ಮರ್ ಇಂಗ್ಲಿಷಿನಲ್ಲಿ ಸಮ್ಮರ್ ಆಗಿ ಉಳಿಯಿತು. ಅಮ್ಮ ಸುಮ್ಮನೆ ಕೇಳುತ್ತಿದ್ದಳು. ಒಬ್ಬ ಹುಡುಗಿ ಗೊತ್ತಿಲ್ಲದ ಭಾಷೆಯ ಊರಿಗೆ ಬಂದು, ಹೊಟ್ಟೆಪಾಡಿಗೆ ಬೇರೆಯವರ ಹಾಡಿಗೆ ಹಿಂದಿನಿಂದ ದನಿ ಸೇರಿಸುತ್ತಾ ವರ್ಷಗಳನ್ನು ಕಳೆದ ಕಥೆ ನಾನು ಈ ಊರಿನಲ್ಲಿ ಹೇಳುವಾಗ ನನ್ನ ಗಂಟಲೂ ಸ್ವಲ್ಪ ಬಿಗಿಯಿತು.

ಹಾಗೆ ದನಿ ಸೇರಿಸಲು ಹೋದಲ್ಲಿ ಸಿಕ್ಕವರೇ ಮೊರೊಡರ್ ಮತ್ತು ಹಾಡು ಬರೆಯುವ ಪೀಟ್ ಬೆಲೋಟ್. 1975ರಲ್ಲಿ ಮೂವರೂ ಸೇರಿ ಮಾಡಿದ ಹಾಡೊಂದನ್ನು ಅಮೆರಿಕದ ರೆಕಾರ್ಡ್ ಕಂಪನಿಯ ಮುಖ್ಯಸ್ಥ ನೀಲ್ ಬೋಗಾರ್ಟ್ ಕೇಳಿ, ಇನ್ನೂ ಉದ್ದ ಬೇಕು ಎಂದ. ಅದು 17 ನಿಮಿಷಗಳಷ್ಟಾಯಿತು. ಆ ಹಾಡಿನ ತುಂಬ ಅವಳ ಪಿಸುಮಾತು, ನಿಟ್ಟುಸಿರು. ಜಗತ್ತೆಲ್ಲ ಕುಣಿಯಿತು, ಅವಳಿಗೆ ಶೃಂಗಾರ ರಾಣಿಯ ಪಟ್ಟ ಕಟ್ಟಿತು. ಚರ್ಚಿನ ಮಾಡಿನವರೆಗೆ ಮುಟ್ಟುವಂಥ ಗಂಟಲಿದ್ದವಳಿಂದ ಮಾರುಕಟ್ಟೆ ಬಯಸಿದ್ದು ಬರಿಯ ಉಸಿರನ್ನು. ಈ ಮಾತು ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹೆಸರು ಏರುತ್ತಿದ್ದ ಆ ದಿನಗಳಲ್ಲೇ ಅವಳು ತೀವ್ರ ಖಿನ್ನತೆಗೆ ಬಿದ್ದಿದ್ದಳು.

"ಹಾಡು ಕೇಳಿಸು, ಮಾತು ಸಾಕು" ಎಂದಳು ಅಮ್ಮ.

ನನ್ನ ಹಳೆಯ ವೈರಿನ ಇಯರ್‌ಫೋನ್ ತೆಗೆದು ಎಡಗಿವಿಯದನ್ನು ಅವಳಿಗೆ ಕೊಟ್ಟೆ, ಬಲಗಿವಿಯದನ್ನು ನಾನು ಇಟ್ಟುಕೊಂಡೆ. 1977ರ 'ಐ ಫೀಲ್ ಲವ್' ಹಾಕಿದೆ. ಅಮ್ಮನ ಬಲಗೈ ತಾನಾಗಿ ತೊಡೆಯ ಮೇಲೆ ಬಂತು. ಅರ್ಧ ನಿಮಿಷದಲ್ಲಿ ಆದಿತಾಳ ಕುಳಿತಿತು. ನಾನೂ ಬೆಂಚಿನ ಅಂಚಿನ ಮೇಲೆ ಬೆರಳು ಬಡಿಯುತ್ತಿದ್ದೆ. ಅಮ್ಮ ನನ್ನ ಬೆರಳನ್ನು ನೋಡಿದಳು, ಹುಬ್ಬು ಗಂಟಿಕ್ಕಿದಳು.

"ಪುಟ್ಟಿ, ನಿನ್ನ ಎಡುಪು ಯಾಕೆ ಆಚೆ ಹೋಗಿದೆ? ಸಮದಲ್ಲಿ ಹಿಡಿ."

ಎಡುಪು ಎಂದರೆ ತಾಳದಲ್ಲಿ ಹಾಡನ್ನು ಎತ್ತಿಕೊಳ್ಳುವ ಜಾಗ, ಸಮ ಎಂದರೆ ತಾಳದ ಮೊದಲ ಪೆಟ್ಟು. ನಾನು ಹಿಡಿದಿದ್ದೇನೆ ಎಂದೇ ಅಂದುಕೊಂಡಿದ್ದೆ. ಮತ್ತೆ ಕೇಳಿದೆ, ಮತ್ತೆ ಬಡಿದೆ. ನನ್ನ ಬೆರಳು ಅವಳ ಎರಡು ಪೆಟ್ಟುಗಳ ನಡುವೆಯೇ ಬೀಳುತ್ತಿತ್ತು. ಹದಿನಾಲ್ಕು ವರ್ಷ ಅವಳ ಹತ್ತಿರವೇ ಪಾಠ ಹೇಳಿಸಿಕೊಂಡವಳು ನಾನು, ತಾಳದಲ್ಲಿ ಹೀಗೆ ತಪ್ಪುವವಳಲ್ಲ. ಆಗ ಹೊಳೆಯಿತು. ಈ ಹಾಡಿನ ಬಾಸ್ ಸಾಲನ್ನು, ಎಂದರೆ ಕೆಳಸ್ವರಗಳ ಸಾಲನ್ನು, ಯಂತ್ರದಿಂದ ನುಡಿಸಿ, ಅದರದೇ ಪ್ರತಿಧ್ವನಿಯನ್ನು ಕೂದಲೆಳೆಯಷ್ಟು ತಡಮಾಡಿ ಇನ್ನೊಂದು ಬದಿಗೆ ಇಟ್ಟಿದ್ದಾರೆ. ಮೂಲ ಸ್ವರ ಎಡಕ್ಕೆ, ಅದರ ನೆರಳು ಬಲಕ್ಕೆ. ಡ್ರಮ್ಮಿನ ಪೆಟ್ಟು ಎರಡೂ ಕಿವಿಗೆ ಒಂದೇ, ಬಾಸ್ ಮಾತ್ರ ಹಂಚಿಹೋಗಿದೆ. ನಾನು ಬಾಸ್ ಹಿಡಿದು ಹೋಗಿದ್ದೆ. ಎರಡೂ ಸೇರಿದಾಗಲೇ ಆ ಕುದುರೆ ಓಟದ ನಡೆ ಹುಟ್ಟುವುದು. ಇಷ್ಟು ವರ್ಷ ಎರಡೂ ಕಿವಿಯಲ್ಲಿ ಕೇಳಿದ್ದ ನನಗೆ ಇದು ಓದಿ ಗೊತ್ತಿದ್ದ ಸಂಗತಿಯಾಗಿತ್ತು, ಕಿವಿಗೆ ಗೊತ್ತಿರಲಿಲ್ಲ.

ಹೇಳಿದೆ. ಅಮ್ಮ ಮಗುವಿನ ಹಾಗೆ, "ಕೊಡು, ನಿನ್ನದನ್ನು ಕೊಡು" ಎಂದು ಬಲಗಿವಿಯದನ್ನು ಕಿತ್ತುಕೊಂಡಳು. ಬದಲಾಯಿಸಿ ಕೇಳಿದಳು. ಆಮೇಲೆ ಎರಡನ್ನೂ ತಾನೇ ಹಾಕಿಕೊಂಡು ಕಣ್ಣು ಮುಚ್ಚಿದಳು. ನನಗೆ ಏನೂ ಕೇಳಿಸುತ್ತಿರಲಿಲ್ಲ. ಅವಳ ಬೆರಳುಗಳು ಶಾಲಿನ ಮೇಲೆ ಎಣಿಸುವುದನ್ನು ನೋಡುತ್ತಾ ಕುಳಿತೆ.

"ಶ್ರುತಿ ಒಂದನೆಯ ಮನೆ. ಗಂಡಸರ ಶ್ರುತಿ. ಅದರ ಮೇಲೆ ಈ ಹುಡುಗಿ ಅಷ್ಟು ಎತ್ತರದಲ್ಲಿ, ಒಂದು ಚೂರೂ ಕದಲದೆ ನಿಂತಿದ್ದಾಳೆ" ಎಂದಳು. ಆಮೇಲೆ ಸ್ವಲ್ಪ ತಡೆದು, "ಆದರೆ ಕಳ್ಳ ಧ್ವನಿ ಕಣೇ. ಗಂಟಲು ಬಿಟ್ಟಿಲ್ಲ" ಎಂದಳು.

ನನ್ನ ಮಟ್ಟಿಗೆ ಅದು ಅಂದಿನ ದಿನದ ಅತ್ಯಂತ ನಿಜವಾದ ಮಾತು. ಎಷ್ಟೋ ಜನ ಬರೆದದ್ದನ್ನು ಓದಿದ್ದೇನೆ, ಮುಂದಿನ ಕಾಲದ ಸಂಗೀತ ಇಲ್ಲಿಂದಲೇ ಶುರುವಾಯಿತು ಎನ್ನುತ್ತಾರೆ. ಅದೆಲ್ಲ ಯಂತ್ರದ ಹೊಗಳಿಕೆ. ಅವಳ ಕಂಠವನ್ನು ಕಂಠವಾಗಿ ತೂಗಿ ನೋಡಿದವರು ಕಡಿಮೆ.

ಯಂತ್ರವೆಂದರೆ ಅಮ್ಮನಿಗೆ ತಾತ್ಸಾರವಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. 1980ರ ದಶಕದಲ್ಲಿ ಮೈಸೂರಿನ ನಮ್ಮ ಮನೆಗೆ ಬೆಂಗಳೂರಿನಿಂದ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಬಂದಾಗ, ಮೆಷಿನ್ನಿಗೆ ಹಾಡುತ್ತೀಯಾ ಎಂದು ಅವಳ ಗುರುಗಳು ಬೇಸರಪಟ್ಟಿದ್ದರಂತೆ. ಮೂರು ಮಕ್ಕಳ ನಡುವೆ ತಂಬೂರಿ ಮೀಟಲು ಇನ್ನೊಂದು ಕೈ ಎಲ್ಲಿಂದ ಬರಬೇಕು? ಬೆಳಗಿನ ನಾಲ್ಕೂವರೆಗೆ ಆ ಪೆಟ್ಟಿಗೆಯ ಕೆಂಪು ದೀಪದ ಮುಂದೆಯೇ ಅವಳ ಸಾಧನೆ ನಡೆದದ್ದು. ಹಾಗಾಗಿ ಮೊರೊಡರ್ ಬಳಸಿದ ಮೂಗ್ ಸಿಂಥಸೈಜರ್ ಕೆಲವೇ ಕ್ಷಣಗಳಲ್ಲಿ ಶ್ರುತಿ ಬಿಡುತ್ತಿತ್ತು, 20-30 ಸೆಕೆಂಡು ಮುದ್ರಿಸಿ ನಿಲ್ಲಿಸಿ, ಮತ್ತೆ ಶ್ರುತಿ ಮಾಡಿ ಮುಂದುವರಿಸುತ್ತಿದ್ದರು ಎಂದಾಗ ಅವಳಿಗೆ ಮರುಕವೇ ಬಂತು. "ಪಾಪ, ಮಳೆಗಾಲದ ತಂಬೂರಿ ಹಾಗೆ" ಎಂದಳು. ಆ ಯಂತ್ರಕ್ಕೆ ಡ್ರಮ್ಮಿನ ಗಟ್ಟಿ ಪೆಟ್ಟು ಸರಿಯಾಗಿ ಬರಲಿಲ್ಲವೆಂದು ಅದೊಂದನ್ನು ಕೀತ್ ಫೋರ್ಸಿ ಎಂಬ ಮನುಷ್ಯನೇ ಕೂತು ಬಾರಿಸಿದ ಎಂದಾಗ ತೃಪ್ತಿಯಿಂದ ತಲೆಯಾಡಿಸಿದಳು.

ಈ ಹಾಡಿನ ಸಾಹಿತ್ಯಕ್ಕಾಗಿ ಬೆಲೋಟ್ ಡೋನಾಳ ಮನೆಗೆ ಹೋದಾಗ ಅವಳು ಜ್ಯೋತಿಷಿಯೊಬ್ಬರ ಜೊತೆ ಫೋನಿನಲ್ಲಿದ್ದಳಂತೆ. ಬ್ರೂಸ್ ಸುಡಾನೊ ಎಂಬ ಹುಡುಗನ ಜಾತಕ ತನಗೆ ಹೊಂದುತ್ತದೆಯೇ ಎಂಬ ವಿಚಾರ. ಗಂಟೆಗಟ್ಟಲೆ ಕಾಯಬೇಕಾಯಿತೆಂದು ಬೆಲೋಟ್ ಹೇಳಿಕೊಂಡಿದ್ದಾರೆ. "ಹೊಂದಿತೇ?" ಎಂದು ಅಮ್ಮ ಕಾತರದಿಂದ ಕೇಳಿದಳು. ಹೊಂದಿತು. 1980ರಲ್ಲಿ ಮದುವೆಯಾಗಿ ಅವಳ ಕೊನೆಯವರೆಗೂ ಜೊತೆಗಿದ್ದರು.

ಡಿಸ್ಕೋ ಎಂದರೆ ನಮ್ಮವರಿಗೆ ದೂರದ ಮಾತೇನಲ್ಲ. ಲಂಡನ್ನಿನಲ್ಲಿ ಕುಳಿತು 1974ರಲ್ಲಿ 'ಕುಂಗ್ ಫು ಫೈಟಿಂಗ್' ಹಾಡನ್ನು ನಿರ್ಮಿಸಿದ ಬಿದ್ದು ಅಪ್ಪಯ್ಯ ಬೆಂಗಳೂರಿನಲ್ಲಿ ಹುಟ್ಟಿದವರು, ಕೊಡವರು. ಅದನ್ನು ಕೇಳಿ ಅಮ್ಮ ಫ್ಲಾಸ್ಕಿನ ಮುಚ್ಚಳವನ್ನು ಹಾಗೇ ಹಿಡಿದು, "ನಮ್ಮ ಕೊಡಗಿನವರೇ?" ಎಂದು ಎರಡು ಸಲ ಕೇಳಿದಳು. ಇದರ ಬೆನ್ನಿಗೇ 1979ರ ಜುಲೈ 12ರ ರಾತ್ರಿಯ ಸಂಗತಿಯನ್ನೂ ಹೇಳಿದೆ. ಷಿಕಾಗೋ ನಗರದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸ್ಫೋಟಿಸಿದರು, ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು. ಕಪ್ಪು ಜನರು, ಲ್ಯಾಟಿನೋಗಳು, ಸಲಿಂಗಿಗಳು ಒಟ್ಟಿಗೆ ಕುಣಿದು ಬೆಳೆಸಿದ ಸಂಗೀತ ಅದು. ಉರಿದದ್ದು ಬರಿಯ ಪ್ಲಾಸ್ಟಿಕ್ ಅಲ್ಲ ಎಂದೇ ನಾನು ನಂಬಿದ್ದೇನೆ.

"ಹಾಡಿಗೆ ಬೆಂಕಿ ಇಡುತ್ತಾರೆಯೇ!" ಎಂದಳು ಅಮ್ಮ. ಸ್ವಲ್ಪ ಹೊತ್ತು ಇಬ್ಬರೂ ಮಾತನಾಡಲಿಲ್ಲ.

ಅದೇ 1979ರಲ್ಲಿ ಅವಳ 'ಬ್ಯಾಡ್ ಗರ್ಲ್ಸ್' ಆಲ್ಬಂ ಬಂತು. ಅದರಲ್ಲಿನ 'ಡಿಮ್ ಆಲ್ ದ ಲೈಟ್ಸ್' ಅವಳೇ ಬರೆದ ಹಾಡು. ಅದನ್ನು ಹಾಕಿ, ಈ ಸಲ ಎರಡೂ ಕಿವಿಯನ್ನು ಅಮ್ಮನಿಗೇ ಬಿಟ್ಟುಕೊಟ್ಟೆ. ಆ ಹಾಡು ಮೆಲ್ಲಗೆ ಆರಂಭವಾಗಿ ವೇಗ ಹಿಡಿಯುತ್ತದೆ. ಒಂದೆಡೆ ಅವಳು ಒಂದು ಸ್ವರವನ್ನು ಎತ್ತಿಕೊಂಡು ಬಿಡುವುದೇ ಇಲ್ಲ. ಆ ಜಾಗ ಯಾವಾಗ ಬಂತೆಂದು ನನಗೆ ಅಮ್ಮನ ಮುಖದಿಂದಲೇ ಗೊತ್ತಾಯಿತು. ಕಣ್ಣು ತೆರೆದಳು, ಕೈ ಮೇಲೆತ್ತಿದವಳು ಹಾಗೇ ನಿಲ್ಲಿಸಿದಳು. ಅವಳ ಎದೆಯೂ ಉಬ್ಬಿ ನಿಂತಿತ್ತು. ಜೊತೆಯಲ್ಲಿ ತಾನೂ ಉಸಿರು ಹಿಡಿದಿದ್ದಳು. ಕೊನೆಗೆ ಅಮ್ಮನದು ಮೊದಲು ಬಿಟ್ಟಿತು, ಬಿಳಿ ಹಬೆ ಚಳಿಯ ಗಾಳಿಯಲ್ಲಿ ಚೆದುರಿತು. ಡೋನಾ ಇನ್ನೂ ಹಿಡಿದೇ ಇದ್ದಳೆಂದು ಕಾಣುತ್ತದೆ, ಎತ್ತಿದ ಕೈ ಮತ್ತೆ ಕೆಲವು ಕ್ಷಣ ಕೆಳಗಿಳಿಯಲಿಲ್ಲ.

"ಎಷ್ಟು ಹೊತ್ತು?"

"16 ಸೆಕೆಂಡಿನಷ್ಟು ಅಮ್ಮ."

"ಇದು ಗಂಟಲು" ಎಂದಳು. "ಇದನ್ನು ಇಟ್ಟುಕೊಂಡು ಪಿಸುಗುಟ್ಟಲು ಹೇಳಿದರೇ?"

2012ರ ಮೇ 17ರಂದು, 63ನೆಯ ವಯಸ್ಸಿನಲ್ಲಿ, ಆ ಉಸಿರು ಶ್ವಾಸಕೋಶದ ಕ್ಯಾನ್ಸರ್‌ನಿಂದ ನಿಂತಿತು. ಅದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸಿ, ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿಯುವಾಗ ಹೇಳಿದೆ. ಅಮ್ಮ ಮೆಟ್ಟಿಲ ಬದಿಯ ಕಂಬಿ ಹಿಡಿದುಕೊಂಡು ಅರ್ಧದಲ್ಲೇ ನಿಂತಳು. ಹಿಂದಿನಿಂದ ಬರುತ್ತಿದ್ದವರು ಬಳಸಿಕೊಂಡು ಹೋದರು. ಏನೂ ಹೇಳದೆ ಮತ್ತೆ ಇಳಿಯತೊಡಗಿದಳು.

ರೈಲಿನಲ್ಲಿ ಕುಳಿತ ಮೇಲೆ ಕೈಚೀಲದಿಂದ ತನ್ನ ಪಾಠದ ನೋಟ್‌ಬುಕ್ ತೆಗೆದಳು. ಯಾವ ಮಗುವಿಗೆ ಯಾವ ವರ್ಣ ನಡೆಯುತ್ತಿದೆ, ಯಾರು ಶುಲ್ಕ ಕೊಟ್ಟಿಲ್ಲ, ಯಾರಿಗೆ ಕೆಮ್ಮು ಎಂದೆಲ್ಲ ಬರೆದಿಡುವ ಪುಸ್ತಕ, ಪರದೇಶಕ್ಕೂ ಜೊತೆಯಲ್ಲೇ ಬಂದಿತ್ತು. ಹೆಸರು ಇನ್ನೊಮ್ಮೆ ಹೇಳು ಎಂದಳು. ರೈಲಿನ ಕುಲುಕಾಟಕ್ಕೆ ಅಕ್ಷರ ಸೊಟ್ಟಗಾಗದಂತೆ ನಿಲ್ದಾಣ ಬರುವವರೆಗೆ ಕಾದು, ರೈಲು ನಿಂತಾಗ ಮಾತ್ರ ಬರೆದಳು. ಮೂರು ನಿಲ್ದಾಣ ಕಳೆಯುವಷ್ಟರಲ್ಲಿ ಒಂದು ಸಾಲು ಮುಗಿಯಿತು: "ಡೋನಾ ಸಮ್ಮರ್, ಬಾಸ್ಟನ್. ಅಕಾರ, ಒಂದೇ ಉಸಿರು, 16. ದೊಡ್ಡ ಮಕ್ಕಳಿಗೆ ಕೇಳಿಸುವುದು."